ತಾಮ್ರದ ತಂತಿಗೆ ಮಗ್ಗದ ಗಂಟು

ದೃಷ್ಟಿ ತಾಕಿದ್ದಲ್ಲ. ಮಾಟವೂ ಅಲ್ಲ, ಗಾಳಿಯೂ ಅಲ್ಲ. ಕಿತ್ತುಹೋದ ತಾಮ್ರದ ತಂತಿಗೆ ನಮ್ಮ ಮನೆಯವರು ರೇಷ್ಮೆ ಎಳೆಗೆ ಹಾಕುವ ಗಂಟು ಹಾಕಿದ್ದರು. ಯಳಂದೂರಿನ ಮದುವೆಯಲ್ಲಿ ಅವರ ಮೈಕು ಬಾಯಿ ಮುಚ್ಚಿಕೊಂಡದ್ದು ಅದಕ್ಕೆ. ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ.

ಇದನ್ನು ಈಗ ಹೇಳಬೇಕಾಗಿ ಬಂದದ್ದು ಒಂದು ಬಿಸ್ಕತ್ತಿನ ಡಬ್ಬದ ದೆಸೆಯಿಂದ. ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ಸಿಕ್ಕಿತು. ಒಳಗೆ ಬೆರಳುದ್ದದ ಕಂಡೆನ್ಸರುಗಳು, ಮೈಮೇಲಿನ ಮೇಣ ಕರಗಿ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಸೊಸೆ ಅದನ್ನು ಪ್ರಸಾದದ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು.

"ಅತ್ತೆ, ಮಾವನೋರ್ದು ನೋಡಿ. ಎಷ್ಟು ಬುದ್ಧಿವಂತ್ರು! ಆ ದೃಷ್ಟಿ ಒಂದು ತಾಕ್ದೆ ಇದ್ದಿದ್ರೆ ಎಲ್ಲೋ ಇರ್ತಿದ್ರು."

ಎಲ್ಲೂ ಇರುತ್ತಿರಲಿಲ್ಲ. ಇದೇ ಕೊಳ್ಳೇಗಾಲದಲ್ಲಿ, ಇದೇ ಜಗುಲಿಯ ಮೇಲೆ, ಬೀಡಿ ಸೇದಿಕೊಂಡು ಇರುತ್ತಿದ್ದರು. ಸತ್ತ ಗಂಡಸರಿಗೆ ಇದೊಂದು ಅನುಕೂಲ ನೋಡಿ. ಬದುಕಿದ್ದಾಗ ಹತ್ತಿರ ಸುಳಿಯದ ಬುದ್ಧಿಯೆಲ್ಲ ಸತ್ತ ಮೇಲೆ ಬಂದು ಸೇರಿಕೊಳ್ಳುತ್ತದೆ. ಫೋಟೋಗೆ ಹಾರ ಹಾಕಿದ ಕೂಡಲೇ ಮೂರ್ಖನೂ ಮೇಧಾವಿ.

ಮೊದಲು ಆ ಗಂಟಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ನಾನು ಹುಟ್ಟಿದ್ದೂ ಮಗ್ಗದ ಮನೆಯಲ್ಲೇ. ಮೂರನೇ ಕ್ಲಾಸು ಮುಗಿಯುವುದರೊಳಗೆ ಅಪ್ಪ ಶಾಲೆ ಬಿಡಿಸಿ ರಾಟೆ ಮುಂದೆ ಕೂರಿಸಿದರು. ನಾನೇನೂ ಅಳಲಿಲ್ಲ. ಮೇಷ್ಟರ ಬೆತ್ತಕ್ಕಿಂತ ರಾಟೆಯ ಹಿಡಿ ಮೇಲು ಅನಿಸಿತ್ತು. ಲಡಿಯಿಂದ ರೇಷ್ಮೆ ಬಿಡಿಸಿ, ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗೆ ಸುತ್ತುವುದು ಹೆಣ್ಣುಮಕ್ಕಳ ಕೆಲಸ. ರೇಷ್ಮೆ ಬಹಳ ಮೆತ್ತಗೆ ಎಂದು ಹೇಳುವವರೆಲ್ಲ ಸೀರೆ ಉಟ್ಟವರು. ಸುತ್ತಿದವರನ್ನು ಕೇಳಿ. ತೋರುಬೆರಳಿನ ಪಕ್ಕ ಎಳೆ ಕುಯ್ದು ಕುಯ್ದು ಗೀರು ಬಿದ್ದಿರುತ್ತದೆ. ಊಟಕ್ಕೆ ಕೂತಾಗ ಅದಕ್ಕೆ ಹುಳಿಸಾರು ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ನಮ್ಮಮ್ಮ ಅದನ್ನು ನೋಡಿ ಖಾರ ಹೆಚ್ಚಾಯಿತೇನೋ ಎಂದುಕೊಂಡು ಇನ್ನೊಂದು ಸೌಟು ಮಜ್ಜಿಗೆ ಹಾಕುತ್ತಿದ್ದಳು.

ಅಪ್ಪ ಊಟಕ್ಕೆ ಎದ್ದಾಗ ನಾನು ಮೆಲ್ಲಗೆ ಮಗ್ಗದ ಗುಂಡಿಗೆ ಜಾರುತ್ತಿದ್ದೆ. ನಮ್ಮ ಕಡೆಯ ಮಗ್ಗ ನೆಲದ ಮಟ್ಟದಲ್ಲಿ ಇರುತ್ತದೆ. ನೇಯುವವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು. ನನ್ನ ಕಾಲು ತುಳಿಹಲಗೆಗೆ ಎಟುಕುತ್ತಿರಲಿಲ್ಲ, ಹೆಬ್ಬೆರಳ ತುದಿಯಲ್ಲಿ ಒತ್ತುತ್ತಿದ್ದೆ. ಅಪ್ಪ ಕೈ ತೊಳೆದು ಬಂದು ಕಿವಿ ಹಿಂಡಿ ಎಬ್ಬಿಸುತ್ತಿದ್ದರು. ಆಮೇಲೆ ನಾನು ನೇಯ್ದಷ್ಟನ್ನು ಬಗ್ಗಿ ನೋಡುತ್ತಿದ್ದರು. ಕೆಟ್ಟಿದ್ದರೆ ಬಿಚ್ಚುತ್ತಿದ್ದರು. ಬಿಚ್ಚದೆ ಹಾಗೇ ಮುಂದೆ ನೇಯ್ದರೆ ಸರಿಯಾಗಿದೆ ಎಂದರ್ಥ. ನಮ್ಮಪ್ಪನ ಹತ್ತಿರ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಎಳೆ ಕಿತ್ತಾಗ ಹಾಕುವ ಗಂಟನ್ನು ನಮಗೆ ಯಾರೂ ಕಲಿಸುವುದಿಲ್ಲ. ನಡೆಯುವುದು ಬಂದ ಹಾಗೆ ಅದೂ ಬರುತ್ತದೆ. ಎರಡು ತುದಿಯನ್ನು ಹೆಬ್ಬೆರಳ ಕೆಳಗೆ ಒತ್ತಿ, ಒಂದು ಸುತ್ತು, ಒಂದು ಎಳೆತ, ಉಳಿದ ಬಾಲವನ್ನು ಹಲ್ಲಿಂದ ಕಚ್ಚಿ ಉಗಿದರೆ ಮುಗಿಯಿತು. ಬೆರಳಲ್ಲಿ ಸವರಿದರೆ ಗಂಟು ಸಿಗಬಾರದು. ಸಿಕ್ಕಿದರೆ ಹಾಕಿದವರ ಮರ್ಯಾದೆ ಹೋಯಿತು. ಮಾತಾಡುತ್ತ, ಆಕಳಿಸುತ್ತ, ಮಗುವಿಗೆ ಹಾಲು ಕೊಡುತ್ತ ಹಾಕುತ್ತೇವೆ. ಹಾಕಿದ ಮರುಗಳಿಗೆಯಲ್ಲಿ ಮರೆಯುತ್ತೇವೆ. ನೆನಪಿಟ್ಟುಕೊಂಡರೆ ಸೀರೆ ಮುಗಿಯುವುದಿಲ್ಲ.

ಮದುವೆಯಾಗಿ ಬಂದ ಮನೆಯಲ್ಲಿ ನಡುಮನೆ ತುಂಬ ಒಂದೇ ಮಗ್ಗ. ಅದೂ ನಮ್ಮದಲ್ಲ, ಸಾಹುಕಾರರದು. ಮಗ್ಗ ಅವರದು, ರೇಷ್ಮೆ ಅವರದು, ಜರಿ ಅವರದು. ಕೈಕಾಲು ಮಾತ್ರ ನಮ್ಮದು. ಮೊದಲ ವಾರವೇ ನಮ್ಮತ್ತೆ ಕಾನೂನು ಹೇಳಿದರು: "ನಮ್ಮನೇಲಿ ಹೆಂಗಸ್ರು ಮಗ್ಗಕ್ಕೆ ಇಳಿಯಕಿಲ್ಲ ಕಣಮ್ಮಿ. ರಾಟೆ ನಿಂದು, ಮಗ್ಗ ಅವನ್ದು." ಆಗಲಿ ಅಂದೆ. ನೇಯುವ ಗಂಡಸು ನೇಯುತ್ತಿದ್ದರೆ ಹೆಂಗಸಿಗೆ ಗುಂಡಿಗೆ ಇಳಿಯುವ ಕರ್ಮ ಯಾಕೆ?

ನಮ್ಮ ಮನೆಯವರು ಒಳ್ಳೆಯ ನೇಕಾರರೇ. ಸುಳ್ಳು ಹೇಳಬಾರದು. ಅಂಚು ಹಿಡಿದರೆ ದಾರ ಕಟ್ಟಿ ಎಳೆದ ಹಾಗೆ ನೇರ. ಆದರೆ ಊರಿಗೆ ಕರೆಂಟು ಬಂತಲ್ಲ, ಅವರಿಗೆ ಅದು ತಲೆಗೇ ಬಂತು.

ಬಸ್ ಸ್ಟ್ಯಾಂಡಿನ ಹತ್ತಿರ ವೇಲಣ್ಣ ಎನ್ನುವವನೊಬ್ಬ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ತಮಿಳು ಸೀಮೆಯಿಂದ ಬಂದವನು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ದೊಡ್ಡದು. ಸಾಹುಕಾರರ ಮನೆಗೆ ಸೀರೆ ಕೊಡಲು ಹೋದ ನಮ್ಮ ಮನೆಯವರು ವಾಪಸು ಬರುವಾಗ ವೇಲಣ್ಣನ ಅಂಗಡಿಯಲ್ಲಿ ಕೂರುವುದು ರೂಢಿಯಾಯಿತು. ಮೊದಲು ಒಂದು ಬೀಡಿ ಸೇದುವಷ್ಟು ಹೊತ್ತು. ಆಮೇಲೆ ಒಂದು ಕಟ್ಟು ಸೇದುವಷ್ಟು. ಒಂದು ದಿನ ಹನೂರಿಗೆ ಹೋಗಿ ಬರುತ್ತೇನೆ ಎಂದು ಹೋದವರು ಸಂಜೆಗೆ ಬಸ್ಸಿನ ಮೇಲಿಂದ ಒಂದು ಕಬ್ಬಿಣದ ಪೆಟ್ಟಿಗೆ ಇಳಿಸಿಕೊಂಡು ಬಂದರು. ಮುಚ್ಚಿಹೋದ ಟೆಂಟ್ ಸಿನಿಮಾದ ಸುಟ್ಟ ಆಂಪ್ಲಿಫೈಯರ್. ನಡುಮನೆಯಲ್ಲಿಟ್ಟು ಮುಚ್ಚಳ ತೆಗೆದರೆ ಒಳಗೆ ಇಲಿ ಗೂಡು ಕಟ್ಟಿ ಸಂಸಾರ ಮಾಡಿತ್ತು.

"ಇದ್ರೊಳಗೆ ಏನೇನು ಅದೆ ಗೊತ್ತಾ?" ಎಂದರು.

"ಕಾಣ್ತಾ ಅದಲ್ಲ. ಮರಿ ಅವೆ," ಎಂದೆ.

"ನಿನ್ ತಲೆ. ಹೊಸಾದು ತಕಳಾಕೆ ನಮ್ಮ ಕೈಲಾಯ್ತದಾ? ಸತ್ತೋಗಿರೋದ್ರೊಳಗೆ ಬದ್ಕಿರೋದ ಹುಡುಕಬೇಕು. ಅದೇ ಇದ್ಯೆ."

ಅಲ್ಲಿಂದ ಶುರುವಾಯಿತು. ಎಲ್ಲೆಲ್ಲಿ ರೇಡಿಯೋ ಸತ್ತರೂ ನಮ್ಮ ಮನೆಗೆ ಹೆಣ ಬಂತು. ಒಡೆದದ್ದು, ಸುಟ್ಟದ್ದು, ಜಿರಲೆ ತಿಂದದ್ದು. ಪಕ್ಕದ ಮನೆಯವರು ಕಸಕ್ಕೆ ಹಾಕುವ ಮುಂಚೆ ನಮ್ಮ ಬಾಗಿಲು ತಟ್ಟಿ, "ಚೌಡಪ್ಪಣ್ಣ, ಇದು ಬೇಕಾ?" ಎಂದು ಕೇಳುವ ಮಟ್ಟಕ್ಕೆ ಬಂತು ನಮ್ಮ ಮರ್ಯಾದೆ. ಅದರೊಳಗಿನ ಒಂದೊಂದನ್ನೂ ಕಾವಲಿಯ ಮೇಲೆ ದೋಸೆ ಬಿಡಿಸುವ ಹಾಗೆ ಬಿಡಿಸಿ ತೆಗೆಯುತ್ತಿದ್ದರು. ಬೆಸುಗೆ ಕಡ್ಡಿ ಕಾಯಿಸಲು ನನ್ನ ಒಲೆ. ಹಳೇ ಬೆಸುಗೆ ಕರಗಿಸಲು ನನ್ನ ಕಬ್ಬಿಣದ ಸೌಟು. ಅನ್ನಕ್ಕೆ ರಾಳದ ಹೊಗೆಯ ವಾಸನೆ. ನಮ್ಮತ್ತೆ ತುತ್ತು ಮೂಸಿ ನೋಡಿ, ನನ್ನನ್ನು ಬಯ್ಯುತ್ತಿದ್ದರು, ಮಗನನ್ನಲ್ಲ.

ಪರೀಕ್ಷೆಗಳನ್ನು ನೀವು ನೋಡಬೇಕಿತ್ತು. ಕಂಡೆನ್ಸರು ಎಂದರೆ ಕರೆಂಟು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸಾಮಾನು. ಅದಕ್ಕೆ ಒಂದು ಬಲ್ಬು ಜೋಡಿಸಿ ಕರೆಂಟು ಕೊಡುವುದು. ಬಲ್ಬು ಪೂರಾ ಉರಿದರೆ ಕಂಡೆನ್ಸರು ಸತ್ತಿದೆ. ಉರಿಯದಿದ್ದರೆ ಬಿಡಿಸಿ, ಅದರ ಎರಡು ಕಾಲನ್ನು ಒಂದಕ್ಕೊಂದು ತಾಗಿಸುವುದು. ಟಪ್ಪೆಂದು ಕಿಡಿ ಹಾರಿದರೆ ಜೀವ ಇದೆ. ಬಹಳ ದಿನ ಸುಮ್ಮನೆ ಬಿದ್ದಿದ್ದ ಹಳೆಯದಾದರೆ ಒಂದೇ ಸಲಕ್ಕೆ ಕರೆಂಟು ಕೊಡಬಾರದಂತೆ. "ಜ್ವರ ಬಿಟ್ಟೋರ್ಗೆ ಗಂಜಿ ಕೊಟ್ಟಂಗೆ ವಸಿ ವಸಿ ಕೊಡ್ಬೇಕು ಕಣಮ್ಮಿ," ಎನ್ನುತ್ತಿದ್ದರು. ಹಿರಿಮಗ ಹುಟ್ಟಿ ನಾನು ಜ್ವರದಲ್ಲಿ ಮಲಗಿದ್ದಾಗ ನನಗೆ ಇವರು ಗಂಜಿ ಕೊಟ್ಟದ್ದು ನೆನಪಿಲ್ಲ. ಕಂಡೆನ್ಸರಿನ ಪಕ್ಕ ಮಾತ್ರ ಮಧ್ಯಾಹ್ನವಿಡೀ ಕೂತು ಮೈ ಮುಟ್ಟಿ ನೋಡುತ್ತಿದ್ದರು, ಬಿಸಿಯಾಯಿತಾ ಎಂದು.

ಕುಡಿದದ್ದನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂದೂ ನೋಡಬೇಕಿತ್ತು. ಅದಕ್ಕೆ ಕರೆಂಟು ತುಂಬಿಸಿ, ದಾರ ಕಟ್ಟಿ, ಮಗ್ಗದ ಹಗ್ಗಕ್ಕೆ ನೇತುಹಾಕಿ ಬೀದಿ ಸುತ್ತಲು ಹೋಗುತ್ತಿದ್ದರು. ಬಂದ ಮೇಲೆ ತಾಗಿಸಿ ನೋಡುವುದು. ಒಂದು ಶುಕ್ರವಾರ ಮಗ್ಗಕ್ಕೆ ಊದುಬತ್ತಿ ತೋರಿಸಲು ಬಂದ ನಮ್ಮತ್ತೆ, ಇದೇನಪ್ಪಾ ಜೋತಾಡುತ್ತಿದೆ ಎಂದು ಹಿಡಿದರು.

"ಅಯ್ಯಯ್ಯಪ್ಪೋ, ಚೇಳು! ಚೇಳು ಕಡೀತು!"

ನಾನು ಪೊರಕೆ ತೆಗೆದುಕೊಂಡು ಓಡಿ ಬಂದೆ. ಬೀದಿಯವರು ಬಂದರು. ಯಾರೋ ಈರುಳ್ಳಿ ಉಜ್ಜಿದರು. ಇವರು ಬಂದವರು ತಾಯಿಯ ಕೈ ನೋಡಲಿಲ್ಲ. ಕಂಡೆನ್ಸರನ್ನು ನೋಡಿದರು. "ಪರವಾಗಿಲ್ವೇ, ಇಷ್ಟೊತ್ತು ಹಿಡ್ಕಂಡದೆ," ಎಂದು ಒಳ್ಳೆಯದರ ಗುಂಪಿಗೆ ಹಾಕಿದರು.

ವಾಲ್ವುಗಳದ್ದು ಇನ್ನೊಂದು ವೈಭವ. ಗಾಜಿನ ಬುರುಡೆಯ ನೆತ್ತಿಯ ಮೇಲೆ ಬೆಳ್ಳಿಯ ಹಾಗೆ ಹೊಳೆದರೆ ಒಳ್ಳೆಯದು, ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಕಿವಿಯ ಹತ್ತಿರ ಹಿಡಿದು ಪೆನ್ಸಿಲಿನಲ್ಲಿ ತಟ್ಟಿ ಕೇಳುತ್ತಿದ್ದರು. ಸಂತೆಯಲ್ಲಿ ನಮ್ಮತ್ತೆ ತೆಂಗಿನಕಾಯಿ ಆರಿಸುವ ಹಾಗೆಯೇ. ವೇಲಣ್ಣನ ಮೀಟರನ್ನು ಸಾಲ ತಂದು, ಪರರ ಮನೆಯಿಂದ ಬಂದ ಒಂದೊಂದು ಸಾಮಾನನ್ನೂ ಎರಡೆರಡು ಸಲ ಮುಟ್ಟಿ ನೋಡಿದರು. ಯಾವುದನ್ನೂ ನಂಬಲಿಲ್ಲ. ಅಷ್ಟು ಜಾಗ್ರತೆ. ಒಪ್ಪುತ್ತೇನೆ.

ಅಷ್ಟೆಲ್ಲ ಆಗಿ, ಆರಿಸಿದ ಸಾಮಾನೆಲ್ಲ ಜೋಡಿಸಿದ ಮೇಲೆ ಒಂದು ದಿನ ಆ ಆಂಪ್ಲಿಫೈಯರ್ ಮಾತಾಡಿತು. ಆಮೇಲೆ ನಮಗೆ ಕೇಡುಗಾಲ. ಮೈಕನ್ನು ಅಡುಗೆಮನೆಗೆ ತಂದು ನನ್ನ ಬಾಯಿಗೆ ಹಿಡಿದರು. "ಏನಾರ ಮಾತಾಡು."

"ಏನ್ ಮಾತಾಡ್ಲಿ? ರಾಗಿ ಖಾಲಿ ಆಗಿ ಅದೆ. ಬೀಸಿಸ್ಕಂಡು ಬರ್ರಿ ಅಂದ್ರೆ ಬರೋ ಗಂಡ್ಸು ಇಲ್ಲ," ಎಂದೆ.

ಜಗುಲಿಯ ಮೇಲಿದ್ದ ತುತ್ತೂರಿ ಬಾಯಿಯ ಹಾರ್ನು ಅದನ್ನು ಬೀದಿಗೆಲ್ಲ ಹೇಳಿತು. ಎದುರುಮನೆಯಾಕೆ ಸಂಜೆ ಬಂದು, "ನಿನ್ ಮಾತು ಎಂದ್ನಂಗೇ ಕೇಳುಸ್ತು ಕಣಕ್ಕ. ಅದಕ್ಯಾಕೆ ಅಷ್ಟು ದೊಡ್ಡ ಪೆಟ್ಗೆ?" ಎಂದಳು. ನ್ಯಾಯವೇ. ನನ್ನ ಗಂಟಲು ದೇವರು ಕೊಟ್ಟದ್ದು, ಅದಕ್ಕೆ ವಾಲ್ವು ಬೇಡ.

ಆದರೆ ಮಗ್ಗ ನಿಂತುಹೋಗಿತ್ತು. ಒಂದು ಮದುವೆ ಸೀರೆಯ ಹಾಸು ಅರ್ಧ ನೇಯ್ದು ಹಾಗೇ ಬಿದ್ದಿತ್ತು. ಅದರ ಮೇಲೆ ಧೂಳು, ರಾಳದ ಪುಡಿ. ನಾನು ಸುತ್ತಿಟ್ಟ ಕಂಡಿಕೆಗಳು ಬುಟ್ಟಿಯಲ್ಲೇ ಬಣ್ಣ ಮಾಸುತ್ತಿದ್ದವು. ಸಾಹುಕಾರರ ಕಡೆಯ ಬಸಣ್ಣ ಬಂದು ಬಂದು ಹೋದ. ಕೊನೆಗೊಂದು ಸಲ ಬಂದು ಬಾಗಿಲಲ್ಲೇ ನಿಂತ.

"ಚೌಡಪ್ಪಣ್ಣ, ಸಾಹುಕಾರ್ರು ಕೇಳ್ತಾವ್ರೆ. ನೇಯ್ತೀಯೋ, ಇಲ್ಲ ಮಗ್ಗ ಎತ್ಕಂಡು ಬ್ಯಾರೇವ್ರಿಗೆ ಕೊಡದೋ?"

ಇವರು ತಲೆ ಎತ್ತಲಿಲ್ಲ. ಕೈಯಲ್ಲಿ ಬೆಸುಗೆ ಇತ್ತು.

"ಯಳಂದೂರಲ್ಲಿ ನಮ್ಮ ನೆಂಟ್ರ ಮದ್ವೆ ಅದೆ. ಅಲ್ಲಿ ಮೈಕು ಹಾಕ್ತೀನಿ. ಒಂದು ಸಲ ಜನ ಕೇಳ್ಳಿ, ಆಮ್ಯಾಕೆ ನೋಡು, ಸುತ್ತೂರೋರೆಲ್ಲ ನಮ್ಮನೆ ಮುಂದೆ ನಿಂತ್ಕತರೆ. ಮದ್ವೆ ಆದ ಮಾರ್ನೆ ದಿನ ಗಾಡಿ ತಕಂಡು ಬಾ. ಎತ್ಕಂಡು ಓಗು."

ಬಸಣ್ಣ ನನ್ನ ಮುಖ ನೋಡಿದ. ನಾನು ಇವರ ಮುಖ ನೋಡಿದೆ. ಅವರು ಬೆಸುಗೆಯನ್ನು ಊದಿ ಆರಿಸುತ್ತಿದ್ದರು.

ಎತ್ತಿಕೊಂಡು ಹೋಗು ಎಂದರೆ ಏನು? ಒಂದು ಸಲ ಹೋದ ಮಗ್ಗ ವಾಪಸು ಬರುವುದಿಲ್ಲ. ಕೈಬಿಟ್ಟ ನೇಕಾರನಿಗೆ ಇನ್ನೊಬ್ಬ ಸಾಹುಕಾರ ಮಗ್ಗ ಕೊಡುವುದಿಲ್ಲ. ಮಗ್ಗ ಹೋದರೆ ನನ್ನ ರಾಟೆಗೂ ಕೆಲಸವಿಲ್ಲ. ಒಳಗೆ ಎರಡು ಮಕ್ಕಳು, ಹಲ್ಲಿಲ್ಲದ ಅತ್ತೆ. ಮದುವೆಗಳಾದರೆ ವರ್ಷದಲ್ಲಿ ಕೆಲವು ತಿಂಗಳು. ಆಷಾಢದಲ್ಲಿ ಯಾರಿಗೆ ಹಾರ್ನು ಕಟ್ಟುತ್ತಾರೆ? ಇದನ್ನೆಲ್ಲ ಹೇಳಿದೆ. "ಗುಂಡಿ ಮುಚ್ಚಿ ಮೇಜು ಹಾಕ್ತೀನಿ, ಬೋರ್ಡು ಬರುಸ್ತೀನಿ," ಎಂದರು. ನಾನು ಹೇಳಿದ್ದಕ್ಕೆ ಅದು ಉತ್ತರವಂತೆ.

ಮದುವೆ ಹತ್ತಿರ ಬಂದಾಗ ಆಂಪ್ಲಿಫೈಯರಿನ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಪೆಟ್ಟಿಗೆಯೊಳಗಿನ ಸದ್ದು ಹಾರ್ನಿಗೆ ಹೋಗಬೇಕಾದರೆ ಅದರ ಮೂಲಕವೇ ಹೋಗಬೇಕಂತೆ. ಒಳಗೆಲ್ಲ ಕೂದಲಿನಂಥ ತಾಮ್ರದ ತಂತಿ, ಸಾವಿರಗಟ್ಟಲೆ ಸುತ್ತು. ಹನೂರಿನ ಪೆಟ್ಟಿಗೆಯಿಂದ ಮೊದಲೇ ಕಿತ್ತಿಟ್ಟಿದ್ದ ಇನ್ನೊಂದು ಸುರುಳಿಯ ತಂತಿ ಬಿಚ್ಚಿ ಇದಕ್ಕೆ ಸುತ್ತಬೇಕಿತ್ತು. ಎಲ್ಲಿ ಸುತ್ತುವುದು? ನನ್ನ ರಾಟೆಯ ಮೇಲೆ. ರೇಷ್ಮೆಯ ಲಡಿಯನ್ನು ಕೆಳಗಿಳಿಸಿ ತಂತಿ ಏರಿಸಿದರು. ನಮ್ಮತ್ತೆ ಹಿಡಿ ತಿರುಗಿಸಿದರು, ಇವರು ತಂತಿ ಹಿಡಿದು ಸುತ್ತು ಎಣಿಸಿದರು. ಬೀದಿಯಲ್ಲಿ ಯಾರಾದರೂ "ಏನ್ ಚೌಡಪ್ಪಣ್ಣ" ಎಂದರೆ "ಬನ್ನಿ ಬನ್ನಿ" ಎನ್ನುವುದು, ಎಣಿಕೆ ತಪ್ಪುವುದು, ತಾಯಿಯನ್ನು ಬಯ್ಯುವುದು.

ನಡುವೆ ತಂತಿ ಕಿತ್ತಿತು. ನಾನು ಅಕ್ಕಿ ಆರಿಸುತ್ತ ಅಲ್ಲೇ ಕೂತಿದ್ದೆ. ಅವರ ಬೆರಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಹೆಬ್ಬೆರಳ ಕೆಳಗೆ ಎರಡು ತುದಿ, ಒಂದು ಸುತ್ತು, ಒಂದು ಎಳೆತ. ಬಾಲ ಕಚ್ಚಿ ಉಗಿದರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

"ಬೆರಳಾಡ್ಸು, ಗಂಟು ಎಲ್ಲದೆ ಯೋಳು ನೋಡನ."

ಬೆರಳಾಡಿಸಿದೆ. ಸಿಗಲಿಲ್ಲ. ಒಳ್ಳೆಯ ಗಂಟೇ. ನಮ್ಮತ್ತೆಗೂ ಹೆಮ್ಮೆಯಾಯಿತು. ಅದರ ಮೇಲೆ ಇನ್ನಷ್ಟು ಸುತ್ತು ಬಿತ್ತು. ಗಂಟು ಹೊಟ್ಟೆಯೊಳಗೆ ಹೋಯಿತು, ಅವರ ನೆನಪಿಂದಲೂ ಹೋಯಿತು. ಜೋಡಿಸಿ ಹಚ್ಚಿದರೆ ಹಾರ್ನು ಕೂಗಿತು. ಮೀಟರನ್ನು ಅವತ್ತೇ ವೇಲಣ್ಣನಿಗೆ ಕೊಟ್ಟುಬಿಟ್ಟರು. ಇನ್ನು ಅದರ ಅಗತ್ಯವಿಲ್ಲವಂತೆ.

ಯಳಂದೂರಿನಲ್ಲಿ ಚಪ್ಪರದ ದಿನ ಸಂಜೆ ಸೊಗಸಾಗಿಯೇ ಕೂಗಿತು. ಎಷ್ಟು ಸೊಗಸು ಎಂದರೆ ಹೆಣ್ಣಿನ ತಾಯಿ "ಅರಿಶಿನ ಎಲ್ಲಿ" ಎಂದು ಕೇಳಿದರೆ ನಮಗೆ ಬರೀ ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ನಮ್ಮ ಮನೆಯವರು ಇಸ್ತ್ರಿ ಷರಟು ತೊಟ್ಟು, ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಮದುಮಗನಿಗಿಂತ ಬಿಗಿಯಾಗಿ ಕೂತಿದ್ದರು. ಬಂದವರೆಲ್ಲ ಮೊದಲು ಪೆಟ್ಟಿಗೆ ನೋಡಿ ಆಮೇಲೆ ಹೆಣ್ಣು ನೋಡಿದರು.

ಬೆಳಿಗ್ಗೆ ಮುಹೂರ್ತಕ್ಕೆ ಸ್ವಲ್ಪ ಮುಂಚೆ ಮೈಕು ಕೈಗೆ ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಹಾಗೆ ಶುದ್ಧವಾಗಿ ಶುರುಮಾಡಿದರು: "ಮದುವೆಗೆ ಆಗಮಿಸಿರುವ ಸಮಸ್ತ ಬಂಧುಬಾಂಧವರಿಗೆ ನಮಸ್ಕಾರ. ಈ ಧ್ವನಿವರ್ಧಕವನ್ನು ತಮಗೆ ಒದಗಿಸಿರುವವರು, ಕೊಳ್ಳೇಗಾಲದ..."

ಅಷ್ಟೇ. ಹೆಸರು ಗಂಟಲಲ್ಲಿ ಉಳಿಯಿತು. ಹಾರ್ನು ಸುಮ್ಮನಾಯಿತು. ಪೆಟ್ಟಿಗೆಯೊಳಗಿನ ಒಂದು ವಾಲ್ವು ಮಾತ್ರ ನಿಧಾನವಾಗಿ ಕೆಂಪಾಗುತ್ತ ಬಂತು, ಒಲೆಯೊಳಗಿನ ಕೆಂಡದ ಹಾಗೆ.

"ಅಯ್ಯಯ್ಯೋ, ಕಣ್ಣು ಕೆಂಪು ಮಾಡ್ಕಂತು ನೋಡ್ರಪ್ಪ!" ಎಂದಿತು ಯಾವುದೋ ಮುದುಕಿ. "ಎಷ್ಟು ಜನದ ಕಣ್ಣು ಬಿದ್ದದೋ!"

ಇವರಿಗೆ ಅಷ್ಟು ಸಾಕಾಯಿತು. "ಅದೇಯ ನೋಡಿ. ನೆನ್ನೆಯಿಂದ ಎಲ್ರೂ ಬಾಯಿ ಬುಟ್ಕಂಡು ನೋಡ್ತಾವ್ರೆ. ತಾಕ್ದೆ ಇದ್ದದಾ?" ಎನ್ನುತ್ತ ಪೆಟ್ಟಿಗೆ ಬಿಚ್ಚಿ ಒಂದೊಂದು ಕಂಡೆನ್ಸರನ್ನೂ ಕಿತ್ತು ಹಾಕಿದರು. ಟ್ರಾನ್ಸ್‌ಫಾರ್ಮರನ್ನು ಮುಟ್ಟಲಿಲ್ಲ. ಅದನ್ನು ತಾವೇ ಸುತ್ತಿದ್ದಲ್ಲವೇ? ಅದಕ್ಕೇನಾಗುತ್ತದೆ? ಯಾರೋ ಮೆಣಸಿನಕಾಯಿ ಉಪ್ಪು ತಂದು ಆಂಪ್ಲಿಫೈಯರಿಗೆ ನಿವಾಳಿಸಿ ಒಲೆಗೆ ಹಾಕಿದರು. ಚಪ್ಪರವೆಲ್ಲ ಕೆಮ್ಮಿತು. ಹಾರ್ನು ಕೆಮ್ಮಲಿಲ್ಲ.

ಲೊಕ್ಕನಹಳ್ಳಿಯಿಂದ ಬಂದಿದ್ದ ನೆಂಟರೊಬ್ಬರು, ಕಾಡಿನ ಅಂಚಿನಲ್ಲಿ ಹೊಲ ಇರುವವರು, ಹಾರ್ನಿನ ಬಾಯೊಳಗೆ ಇಣುಕಿ ನೋಡಿ ಹೇಳಿದರು: "ಬುಡು ಚೌಡಪ್ಪ, ಇದ ನಂಗೆ ಕೊಟ್ಬುಡು. ಹೊಲ್ದಲ್ಲಿ ನಿಲ್ಲುಸ್ತೀನಿ. ಕೂಗ್ದಿದ್ರೂ ಚಿಂತಿಲ್ಲ, ಇದ್ರ ಬಾಯಿ ನೋಡೇ ಹಂದಿ ಓಡೋಯ್ತವೆ."

ಜನ ನಕ್ಕರು. ವಾಲಗದವರು ಊದಿದರು, ತಾಳಿ ಕಟ್ಟಿದ್ದಾಯಿತು. ಮೈಕು ನಿಂತ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಿತು. ಅರಿಶಿನವೂ ಸಿಕ್ಕಿತು. ಮದುವೆಗೆ ಒಂದು ಕೊರತೆಯೂ ಆಗಲಿಲ್ಲ. ಅದೇ ಇವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಎಂದು ಕಾಣುತ್ತದೆ. ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿಕೊಂಡು ವಾಪಸು ಬಂದೆವು.

ಸಂಜೆ ವೇಲಣ್ಣ ತಾನೇ ಬಂದ. ಸುದ್ದಿ ಅವನಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಮೀಟರು ಹಿಡಿದುಕೊಂಡು ಬಂದಿದ್ದ. ಪೆಟ್ಟಿಗೆಯೊಳಗೆ ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿ, ಟ್ರಾನ್ಸ್‌ಫಾರ್ಮರಿನ ಹತ್ತಿರ ಬಂದಾಗ ಮುಳ್ಳು ಅಲ್ಲಾಡಲಿಲ್ಲ.

"ಒಳ್ಗೆ ಕಟ್ ಆಗೈತೆ ಚೌಡಪ್ಪಣ್ಣ. ಬಿಚ್ಚು."

ಮತ್ತೆ ನನ್ನ ರಾಟೆಯೇ. ತಂತಿ ಬಿಚ್ಚಿಕೊಳ್ಳುತ್ತ ಬಂತು, ಬಿಚ್ಚಿಕೊಳ್ಳುತ್ತ ಬಂತು. ಒಂದು ಕಡೆ ಸಾಸಿವೆಯ ಕಾಲುಭಾಗದಷ್ಟು ಕಪ್ಪು ಚುಕ್ಕೆ. ವೇಲಣ್ಣ ಅದನ್ನು ಉಗುರ ಮೇಲೆ ಇಟ್ಟುಕೊಂಡು ಬಲ್ಬಿನ ಕೆಳಗೆ ಹಿಡಿದ. ಆಮೇಲೆ ನೆಲಕ್ಕೆ ಕೂತು ನಕ್ಕ.

"ಅಡಡಾ! ಇಂಗೆ ಪಾರು, ಇಲ್ಲಿ ನೋಡು! ಗಂಟು! ಚೌಡಪ್ಪಣ್ಣ, ಇದೇನು ರೇಷ್ಮೆ ಸೇಲೆಯಾ, ಗಂಟು ಹಾಕಾಕೆ?"

ತಂತಿಯ ಮೈಮೇಲೆ ಕಣ್ಣಿಗೆ ಕಾಣದ ಒಂದು ಬಣ್ಣದ ಪದರ ಇರುತ್ತದಂತೆ. ಅದನ್ನು ಕೆರೆದು, ಬೆಸುಗೆ ಹಾಕಿ ಕೂಡಿಸಬೇಕಂತೆ. ಬರೀ ಗಂಟು ಹಾಕಿದರೆ ಬಿಗಿತಕ್ಕೆ ಪದರ ಎಲ್ಲೋ ಒಂಚೂರು ಒಡೆದು ಒಂದೆರಡು ದಿನ ಕರೆಂಟು ಹರಿಯುತ್ತದೆ, ಕಾದ ಮೇಲೆ ಸುಟ್ಟು ನಿಂತುಹೋಗುತ್ತದೆ. ಇದು ನಮ್ಮ ಮನೆಯವರಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ತಂತಿಯನ್ನೆಲ್ಲ ಕೆರೆದು ಕೂಡಿಸಿದವರೇ. ಆದರೆ ರಾಟೆಯ ಮುಂದೆ ಕೂತು, ಕೈಯಲ್ಲಿ ಕಿತ್ತ ಎಳೆ ಇದ್ದಾಗ, ತಲೆಯನ್ನು ಕೇಳುವವರು ನಮ್ಮಲ್ಲಿ ಯಾರಿದ್ದಾರೆ? ಬೆರಳು ತನ್ನ ಕೆಲಸ ಮುಗಿಸಿತ್ತು.

ಇಷ್ಟಾದ ಮೇಲಾದರೂ ಮನುಷ್ಯ ತಪ್ಪಾಯಿತು ಎನ್ನುತ್ತಾನೆ ಎಂದು ನೀವು ತಿಳಿದುಕೊಂಡಿರಬಹುದು. ಅವರು ಆ ಚುಕ್ಕೆಯನ್ನು ಕೈಗೆ ತೆಗೆದುಕೊಂಡರು. ಎರಡೂ ಕಡೆ ಹಿಡಿದು ಎಳೆದು ನೋಡಿದರು. ಮುಖ ಅರಳಿತು.

"ಬಿಚ್ಕಂಡದಾ ನೋಡು ವೇಲಣ್ಣ. ಇಷ್ಟು ಬಿಸಿ ತಿಂದ್ರೂ ಬಿಚ್ಕಂಡಿಲ್ಲ. ಗಂಟಲ್ಲಿ ತಪ್ಪಿಲ್ಲ. ದೃಷ್ಟಿಯೇಯ ಅದು."

ವೇಲಣ್ಣ ನನ್ನ ಮುಖ ನೋಡಿದ. ಮೀಟರು ಎತ್ತಿಕೊಂಡು, "ಬತ್ತೀನಿ ಅಕ್ಕ," ಎಂದು ಹೊರಟ.

"ನಾಳೆ ಬಸಣ್ಣ ಗಾಡಿ ತತ್ತಾನೆ," ಎಂದೆ ನಾನು.

"ತರ್ಲಿ ಬುಡು. ದೃಷ್ಟಿ ಒಂದ್ಸಲ ತಾಕ್ತದೆ, ದಿನಾ ತಾಕ್ತದಾ? ಇನ್ನೊಂದು ಮದ್ವೆ ಬರ್ಲಿ, ನೋಡು."

ತನ್ನ ಗಂಟನ್ನು ತಾನೇ ಮೆಚ್ಚಿಕೊಂಡು ಕೂತ ಗಂಡಸಿನ ಜೊತೆ ಮಾತಾಡಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು.

ಮಾರನೆಯ ದಿನ ಬೆಳಕು ಹರಿಯುವಾಗಲೇ ಎದ್ದು, ಮುಖ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಗ್ಗಕ್ಕೆ ನೇತುಬಿದ್ದಿದ್ದ ಕಂಡೆನ್ಸರುಗಳನ್ನು ಒಲೆಯ ಕೋಲಿನಲ್ಲಿ ಒಂದೊಂದಾಗಿ ಕೆಡವಿದೆ. ಹಾಸಿನ ಮೇಲಿನ ಧೂಳು ಒದರಿದೆ. ಆಮೇಲೆ ಗುಂಡಿಗೆ ಇಳಿದೆ. ಈ ಸಲ ಕಾಲು ಎಟುಕಿತು.

ಸದ್ದಿಗೆ ನಮ್ಮತ್ತೆ ಎದ್ದು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಏನಾದರೂ ಅನ್ನುತ್ತಾರೆ ಎಂದುಕೊಂಡು ನಾನೂ ಉತ್ತರ ಕಟ್ಟಿಕೊಂಡಿದ್ದೆ. ಅವರು ಒಳಗೆ ಹೋಗಿ ಕೀರೆ ಸೊಪ್ಪಿನ ಮೊರ ತಂದು, ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ, ಸೊಪ್ಪು ಬಿಡಿಸಲು ಕೂತರು.

ಬಸಣ್ಣ ಗಾಡಿಯ ಜೊತೆ ಬಂದಾಗ ಒಂದು ಗೇಣು ನೇಯ್ದಿದ್ದೆ. ಅವನು ಅತ್ತೆಯ ಕಾಲು ದಾಟಲಾರದೆ ಹೊರಗಿಂದಲೇ ಇಣುಕಿದ.

"ಏಳವ್ವ. ಗಾಡಿ ಬಂದದೆ."

"ನಿಮ್ಮ ಸೀರೆ ನನ್ನ ಕೈಲಿ ಅದೆ ಬಸಣ್ಣ. ಮುಗೀದೆ ಏಳಕಿಲ್ಲ."

"ಚೌಡಪ್ಪಣ್ಣ ಎತ್ಕಂಡೋಗು ಅಂದವ್ನೆ."

"ನೇಯ್ತಿರೋಳು ನಾನು. ನನ್ನ ಕೇಳು."

ಅತ್ತೆ ಕಾಲು ಮಡಚಿದರು. ಬಸಣ್ಣ ಒಳಗೆ ಬಂದು ಬಗ್ಗಿ, ಅಂಚನ್ನು ಬೆರಳ ಸಂದಿನಲ್ಲಿ ಹಿಡಿದು ಬೆಳಕಿಗೆ ನೋಡಿದ. "ವಸಿ ಸೊಟ್ಟ ಅದೆ," ಎಂದ. ಸೊಟ್ಟ ಇತ್ತು. ನಾನು ಲಾಳಿ ಹೊಡೆದೆ. ಅವನು "ಮುಗುಸ್ಕೊಡವ್ವ, ಸಾಹುಕಾರ್ರಿಗೆ ಯೋಳ್ತೀನಿ," ಎಂದು ಬರೀ ಗಾಡಿ ತಿರುಗಿಸಿಕೊಂಡು ಹೋದ.

ಅಷ್ಟರಲ್ಲಿ ನಮ್ಮ ಮನೆಯವರು ಎದ್ದು, ಕಣ್ಣು ಉಜ್ಜಿಕೊಳ್ಳುತ್ತ ನಡುಮನೆಗೆ ಬಂದಿದ್ದರು. ಗುಂಡಿಯಲ್ಲಿ ನನ್ನನ್ನು ನೋಡಿದರು, ಹೊಸ್ತಿಲಲ್ಲಿ ತಾಯಿಯನ್ನು ನೋಡಿದರು. ನನ್ನ ಲಾಳಿಯಲ್ಲಿ ನೂಲು ಮುಗಿದಿತ್ತು, ಬುಟ್ಟಿಯಲ್ಲಿ ಮಿಕ್ಕಿದ್ದ ಹಳೆಯ ಕಂಡಿಕೆಗಳು ಬಣ್ಣ ಮಾಸಿ ಕೆಲಸಕ್ಕೆ ಬಾರದಾಗಿದ್ದವು.

"ನಿಂತ್ಕಂಡು ನೋಡ್ತಿದ್ರೆ ಆಗಕಿಲ್ಲ. ರಾಟೆಗೆ ಕೂತ್ಕಳ್ಳಿ, ಕಂಡಿಕೆ ಸುತ್ತಿ," ಎಂದೆ.

ಅವರು ತಾಯಿಯ ಕಡೆ ತಿರುಗಿದರು. ತಾಯಿ ಸೊಪ್ಪಿನಲ್ಲಿ ಹುಳ ಹುಡುಕುತ್ತಿದ್ದರು. ಕೊನೆಗೆ ಕೂತರು. ಲಡಿ ಏರಿಸಿ, ಎಳೆ ಹುಡುಕಿ, ಸುತ್ತಿ ಕೊಟ್ಟರು.

ಮೊದಲನೆಯದು ಸಡಿಲವಾಗಿತ್ತು. ಬಿಚ್ಚಿ ಮತ್ತೆ ಸುತ್ತಿಸಿದೆ.